ಹಣೆಯ ಮೇಲಿನ ಧೂಳು

ನಾನು ಮಾಡುವ ಕೆಲಸ ಏನೆಂದು ಊರಿನಲ್ಲಿ ಯಾರಾದರೂ ಕೇಳಿದರೆ ನನಗೆ ಬಾಯಿ ತೆರೆಯಲು ಬಿಡದೆ ಅಪ್ಪನೇ ಉತ್ತರ ಕೊಡುತ್ತಿದ್ದ. "ಮುಗಲಾಗ ಥಂಡೀ ಮೋಡ ಅದಾವ. ಅದರೊಳಗಿನ ಧೂಳಿನ ಮ್ಯಾಲೆ ಮಂಜು ಕೂಡತೈತಿ. ಆ ಮಂಜಿನಾಗ ಏನೇನ ಹುಟ್ಟತೈತಿ ಅನ್ನೂದನ್ನ ನಮ್ಮ ಹುಡುಗಿ ನೋಡತಾಳ." ಏಳನೇ ಇಯತ್ತೆಗೆ ಸಾಲೆ ಬಿಟ್ಟ ರೈತ ಹೇಳಿದ ಈ ಮೂರು ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ.

ಅವನಿಗೆ ಇದನ್ನು ಹೇಳಿಕೊಟ್ಟವಳು ನಾನೇ. ಒಂದು ದೀಪಾವಳಿ ರಜೆಯಲ್ಲಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಶೇಂಗಾ ಬಿಡಿಸುತ್ತ ಹೇಳಿದ್ದೆ. ನಕ್ಷತ್ರ ಹುಟ್ಟುವ ಮುಂಚೆ ಅಲ್ಲಿ ಕಪ್ಪು ಮೋಡವಿರುತ್ತದೆ. ನಮ್ಮ ನೀರು ಹೆಪ್ಪುಗಟ್ಟುವ ಚಳಿಗಿಂತಲೂ ಇನ್ನೂರ ಅರವತ್ತು ಡಿಗ್ರಿ ಕೆಳಗಿನ ಚಳಿ ಅಲ್ಲಿಯದು. ಅಪ್ಪ ಕೈ ನಿಲ್ಲಿಸಿ ಕೇಳಿದ: "ಅಷ್ಟು ಥಂಡ್ಯಾಗ ಒಂದಕ್ಕೊಂದು ಹೆಂಗ ಕೂಡತಾವು? ಒಲಿ ಇಲ್ಲದ ಅಡಗಿ ಆಗತೈತೇನು?"

ಕೇಳಬೇಕಾದ ಪ್ರಶ್ನೆಯೇ ಅದು. ಎರಡು ಹೈಡ್ರೋಜನ್ ಪರಮಾಣುಗಳು ಬಯಲಿನಲ್ಲಿ ಎದುರಾದರೆ ಕೂಡಿ ಉಳಿಯುವುದಿಲ್ಲ. ಕೂಡುವಾಗ ಹುಟ್ಟುವ ಬಿಸಿಯೇ ಅವನ್ನು ಮತ್ತೆ ಎರಡು ದಿಕ್ಕಿಗೆ ಎಸೆದುಬಿಡುತ್ತದೆ. ಆ ಬಿಸಿಯನ್ನು ನುಂಗಿಕೊಳ್ಳಲು ಮೂರನೆಯದೊಂದು ಬೇಕು, ಅದೇ ಧೂಳು. ಒಲೆಯ ಹೊಗೆಯ ಕಣಕ್ಕಿಂತ ಸಣ್ಣದು, ಬಹಳಷ್ಟು ಮರಳಿನ ಜಾತಿಯದು. ಅದರ ಮೇಲೆ ಬಂದು ಕೂತ ಹೈಡ್ರೋಜನ್ ಮಾತ್ರ ಆ ಚಳಿಯಲ್ಲೂ ಅತ್ತಿಂದಿತ್ತ ಹರಿದಾಡುತ್ತದೆ. ಆಮ್ಲಜನಕ ಸಿಕ್ಕರೆ ನೀರು, ಸಾರಜನಕ ಸಿಕ್ಕರೆ ಅಮೋನಿಯಾ, ಇಂಗಾಲದ ಮೊನಾಕ್ಸೈಡು ಸಿಕ್ಕರೆ ಒಂದೊಂದೇ ಮೆಟ್ಟಿಲು ಹತ್ತಿ ಮೆಥನಾಲ್. ಇದೆಲ್ಲ ಲಕ್ಷಾಂತರ ವರ್ಷದ ನಿಧಾನದ ಕೆಲಸ. ಅಪ್ಪ ಶೇಂಗಾ ಸಿಪ್ಪೆಯನ್ನು ಅಂಗಳಕ್ಕೆ ಒಗೆದು, "ಹಂಗಾರ ಧೂಳಿಲ್ಲದ ಏನೂ ಇಲ್ಲ ಅನ್ನು" ಎಂದ. ಅವನ ಮುಖದಲ್ಲಿ ಒಂದು ಗೆಲುವಿತ್ತು. ಅದಕ್ಕೆ ಕಾರಣವೂ ಇತ್ತು.

ನಮ್ಮ ಹಳ್ಳಿ ಬೈಲಹೊಂಗಲದಿಂದ ಮುರಗೋಡದ ಕಡೆ ಹೋಗುವ ರಸ್ತೆ ಬಿಟ್ಟು ಒಳಗಿದೆ. ಅಪ್ಪ ಎರಿ ಹೊಲದ ರೈತನಾದರೂ ಸುತ್ತಲಿನ ನಾಲ್ಕು ಊರಿಗೆ ಗೊತ್ತಿದ್ದದ್ದು ವಿಭೂತಿ ಮಾಡುವವನೆಂದು. ಊರಿನ ಬಾಯಲ್ಲಿ ಅದು ಈಬತ್ತಿ. ಅಜ್ಜನ ಕಾಲದಿಂದ ಬಂದ ಕಟ್ಟುಪಾಡುಗಳಿದ್ದವು. ಜವಾರಿ, ಅಂದರೆ ನಾಟಿ ತಳಿಯ ಆಕಳ ಸಗಣಿಯೇ ಆಗಬೇಕು, ಅದೂ ನೆಲಕ್ಕೆ ಬೀಳುವ ಮೊದಲು ಕೈಯಲ್ಲಿ ಹಿಡಿದದ್ದು. ಅದನ್ನು ಉಂಡೆ ಮಾಡಿ, ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಅರಿವೆಯಲ್ಲಿ ಸೋಸಿ, ತಿಳಿ ಬಸಿದು, ಉಳಿದ ಬಿಳಿ ಕೆನೆಯನ್ನು ಅಂಗೈಯಲ್ಲಿ ತಟ್ಟಿ ಗಟ್ಟಿ ಮಾಡಬೇಕು. ಕೇಳಿ ಬಂದವರಿಗೆ ಕೊಡಬೇಕೇ ಹೊರತು ಮಾರಬಾರದು. ತೊಟ್ಟಿಲಿಗೂ ನಮ್ಮನೆಯ ಗಟ್ಟಿ, ಕುಣಿಗೂ ನಮ್ಮನೆಯ ಗಟ್ಟಿ. ನಮ್ಮಲ್ಲಿ ಸತ್ತವರನ್ನು ಕುಣಿಯಲ್ಲಿ ಕೂಡ್ರಿಸಿ, ಮೈಸುತ್ತ ವಿಭೂತಿ ಇಟ್ಟು, ಆಮೇಲೆ ಒಬ್ಬೊಬ್ಬರೇ ಹಿಡಿಹಿಡಿ ಮಣ್ಣು ಕೊಡುತ್ತಾರೆ. ಮೂರು ವರ್ಷದ ಹಿಂದೆ ಅವ್ವನಿಗೂ ಹಾಗೇ ಕೊಟ್ಟೆವು. ಅಂದು ಅಪ್ಪ ಮನೆಯಲ್ಲಿದ್ದ ಅಷ್ಟೂ ಗಟ್ಟಿಗಳನ್ನು ಬುಟ್ಟಿಯಲ್ಲಿ ಹೊತ್ತು ತಂದಿದ್ದ.

ನಾನು ದೂರದ ಊರಿನ ಪ್ರಯೋಗಾಲಯಕ್ಕೆ ಹೊರಡುವಾಗಲೆಲ್ಲ ಅಪ್ಪ ಒಂದು ಗಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಕೊಡುತ್ತಿದ್ದ. ದೇವರ ವಿಷಯದಲ್ಲಿ ನಾನು ಅಂಥ ಗಟ್ಟಿಯವಳಲ್ಲ. ಆದರೆ ಸ್ನಾನ ಮುಗಿಸಿ ಮೂರು ಬೆರಳು ಹಣೆಗೆ ಎಳೆಯದಿದ್ದರೆ ಉಂಡು ಕೈತೊಳೆಯದವಳ ಹಾಗೆ ದಿನವೆಲ್ಲ ಮುಜುಗರವಾಗುತ್ತಿತ್ತು.

ಪ್ರಯೋಗಾಲಯದಲ್ಲಿ ನನ್ನದೊಂದು ಉಕ್ಕಿನ ಪಾತ್ರೆಯಿತ್ತು. ಅದರ ಗಾಳಿಯನ್ನೆಲ್ಲ ಹೊರಗೆಳೆದು, ಒಳಗಿನ ಗಾಜಿನಂಥ ಒಂದು ಬಿಲ್ಲೆಯನ್ನು ಮೋಡದಷ್ಟು ತಣ್ಣಗೆ ಮಾಡಿ, ಅದರ ಮೇಲೆ ನೀರು, ಮೆಥನಾಲ್, ಅಮೋನಿಯಾಗಳ ತೆಳು ಮಂಜು ಕೂಡ್ರಿಸಬೇಕು. ನಕ್ಷತ್ರದ ಬೆಳಕಿನ ಬದಲು ಒಂದು ಅತಿನೇರಳೆ ದೀಪ. ದಿನಗಟ್ಟಲೆ ಆ ಬೆಳಕು ಉಣಿಸಿ, ಕಡೆಗೆ ಮೆಲ್ಲಗೆ ಬೆಚ್ಚಗೆ ಮಾಡಿದರೆ ಮಂಜು ಹಾರಿಹೋಗಿ ಬಿಲ್ಲೆಯ ಮೇಲೆ ಚಹದ ಕಲೆಯಂಥದ್ದೊಂದು ಉಳಿಯುತ್ತದೆ. ಆ ಕಲೆಯಲ್ಲಿ ಏನಿದೆ ಎನ್ನುವುದೇ ನಮ್ಮ ಜೀವಮಾನದ ಪ್ರಶ್ನೆ. ಬಿಲ್ಲೆಯನ್ನು ಹೊರತೆಗೆದು, ಪಕ್ಕದ ಕೋಣೆಯ ಇನ್ನೊಂದು ಯಂತ್ರದಲ್ಲಿಟ್ಟು, ಅದರ ಮೂಲಕ ಅವಕೆಂಪು ಬೆಳಕು ಹಾಯಿಸುತ್ತೇವೆ. ಯಾವ ಅಣು ಇದೆಯೋ ಅದು ತನ್ನ ಪಾಲಿನ ಬೆಳಕನ್ನು ತಿನ್ನುತ್ತದೆ, ನಕ್ಷೆಯಲ್ಲಿ ಅಲ್ಲೊಂದು ತಗ್ಗು ಬೀಳುತ್ತದೆ.

ನನ್ನ ನಕ್ಷೆಯಲ್ಲಿ ಬೇರೆ ಯಾರಿಗೂ ಬೀಳದ ಒಂದು ತಗ್ಗು ಬಿತ್ತು.

ನಾಲ್ಕು ಸಲ ಮಾಡಿದೆ, ನಾಲ್ಕೂ ಸಲ ಬಿತ್ತು. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, ಎಲ್ಲದಕ್ಕೂ ಅನುಮಾನಪಡುವ ಹೆಂಗಸು, ಕನ್ನಡಕ ಏರಿಸಿ ನೋಡಿ, "ಇದು ಸುಣ್ಣದಕಲ್ಲಿನ ತಗ್ಗಿನ ಹಾಗಿದೆಯಲ್ಲ?" ಎಂದರು. ನಾನು ಸೊಕ್ಕಿನಿಂದಲೇ ಉತ್ತರ ಕೊಟ್ಟೆ: ನಾನು ಹಾಕಿದ ಅನಿಲಗಳಲ್ಲಿ ಸುಣ್ಣವೇ ಇಲ್ಲ, ಬರುವುದಾದರೂ ಎಲ್ಲಿಂದ? ನನ್ನದು ಹೊಸ ಅಣುವೆಂದು ನಾನು ನಂಬಿದೆ, ನಂಬುವುದು ನನಗೆ ಬೇಕಾಗಿತ್ತು. ಇನ್ನೊಂದಿಷ್ಟು ಪರೀಕ್ಷೆ ಬಾಕಿಯಿತ್ತು. ಅಷ್ಟರಲ್ಲೇ ಭಾನುವಾರದ ಫೋನಿನಲ್ಲಿ ಅಪ್ಪ ಎಂದಿನಂತೆ "ಹೊಸಾದ ಏನರ ಸಿಕ್ತೇನವ್ವಾ?" ಎಂದ. ತಡೆಯಲಾರದೆ "ಸಿಕ್ಕೈತಿ" ಅಂದುಬಿಟ್ಟೆ.

ಮೂರು ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು. ವಾರದೊಳಗೆ ಅಣ್ಣ ಫೋನು ಮಾಡಿ, ಊರಿನ ಮಠದ ಅಂಗಳದಲ್ಲಿ ನನಗೆ ಸನ್ಮಾನ ಇಟ್ಟುಕೊಂಡಿದ್ದಾರೆ, ಮುಂದಿನ ತಿಂಗಳ ಎರಡನೇ ಭಾನುವಾರ, ರಜೆ ಹಾಕು ಎಂದ. ಅಪ್ಪ ತಲೆಗೆ ಸುತ್ತಲು ಹೊಸ ಪಟಗ ತಂದುಕೊಂಡಿದ್ದಾನೆಂದೂ ಹೇಳಿದ.

ಅದೇ ತಿಂಗಳು ನನಗೆ ಜ್ವರ ಬಂತು. ಬಿಲ್ಲೆ ತೆಗೆಯುವ ದಿನ ತಪ್ಪಿಸುವಂತಿರಲಿಲ್ಲ. ಸ್ನಾನವಿಲ್ಲದೆ, ಶಾಲು ಹೊದ್ದುಕೊಂಡು ಹೋಗಿ ಬಿಲ್ಲೆ ತೆಗೆದಿಟ್ಟೆ. ನಕ್ಷೆ ಬಂತು. ಆ ತಗ್ಗು ಇರಲಿಲ್ಲ.

ಮತ್ತೆ ನೋಡಿದೆ. ಉಳಿದದ್ದೆಲ್ಲ ಇದ್ದಲ್ಲೇ ಇತ್ತು, ಅದೊಂದೇ ಇಲ್ಲ. ಏನು ಬೇರೆ ಮಾಡಿದೆ ಎಂದು ಯೋಚಿಸುತ್ತ, ಕಾದ ಹಣೆಯ ಮೇಲೆ ಕೈ ಇಟ್ಟುಕೊಂಡೆ. ಬೆರಳಿಗೆ ವಿಭೂತಿ ಹತ್ತಲಿಲ್ಲ. ಅಲ್ಲಿಗೆ ಗೊತ್ತಾಗಿಹೋಯಿತು. ಕೈಗೆ ಗವಸು, ಬಾಯಿಗೆ ಬಟ್ಟೆ, ತಲೆಗೆ ಟೊಪ್ಪಿಗೆ ಎಲ್ಲ ಹಾಕುತ್ತೇವೆ. ಹಣೆ ಬಯಲಿಗೇ ಇರುತ್ತದೆ. ಬಿಲ್ಲೆಯನ್ನು ಚಿಮಟಿಗೆಯಲ್ಲಿ ಹಿಡಿದು ಬಗ್ಗಿದಾಗಲೆಲ್ಲ ನನ್ನ ಹಣೆಯಿಂದ ಕಣ್ಣಿಗೆ ಕಾಣದಷ್ಟು ಧೂಳು ಉದುರುತ್ತಿತ್ತು. ನಾಲ್ಕು ಸಲವೂ ಉದುರಿತ್ತು, ಯಾಕೆಂದರೆ ನಾನು ದಿನವೂ ತಪ್ಪದೆ ಹಚ್ಚಿಕೊಳ್ಳುತ್ತಿದ್ದೆ. ದಿನಾ ಮಾಡುವ ತಪ್ಪು ಕಡೆಗೆ ನಿಯಮದ ಹಾಗೆ ಕಾಣಲು ಶುರುವಾಗುತ್ತದೆ.

ಖಾತ್ರಿ ಮಾಡಿಕೊಳ್ಳಲು ಮರುದಿನ ಗಟ್ಟಿಯನ್ನೇ ಕೆರೆದು ಪುಡಿಯನ್ನು ಯಂತ್ರಕ್ಕೆ ಕೊಟ್ಟೆ. ಅದೇ ತಗ್ಗು, ನಾಲ್ಕು ಪಟ್ಟು ಆಳ. ಅಲ್ಲಿಗೆ ನನ್ನ ಹೊಸ ಅಣುವಿನ ಕಥೆ ಮುಗಿಯಿತು. ನನ್ನ ತಪ್ಪು ನನಗೆ ಕಂಡಿತು, ನೋವಾಯಿತು, ಹಿರಿಯ ಸಹೋದ್ಯೋಗಿಗೆ ಹೋಗಿ ಹೇಳಿದ್ದೂ ಆಯಿತು. ಅವರು ನಗಲಿಲ್ಲ, ಆಡಿಕೊಳ್ಳಲಿಲ್ಲ. "ಚೆನ್ನಾಗಿ ಬರೆದಿಡು, ಮುಂದೆ ಬರುವವರಿಗೆ ಬೇಕಾಗುತ್ತೆ" ಎಂದರು.

ಅವರಿಗೆ ನಾನು ಹೇಳದೆ ಉಳಿಸಿಕೊಂಡದ್ದು ಬೇರೆಯದೇ ಒಂದಿತ್ತು. ಮೋಡದ ಧೂಳನ್ನು ನೋಡುವವರು ಮೊಟ್ಟಮೊದಲು ಹುಡುಕುವುದು ಮರಳಿನ ತಗ್ಗನ್ನು. ಅದು ಅಗಲವಾಗಿ ಬೀಳುತ್ತದೆ, ಕುರುಡರಿಗೂ ಕಾಣುತ್ತದೆ. ಹುಲ್ಲಿನಲ್ಲೂ ಆ ಮರಳಿನ ಅಂಶ ಇರುತ್ತದೆ. ಹುಲ್ಲು ತಿಂದ ಆಕಳ ಸಗಣಿ ಸುಟ್ಟರೆ ಬೂದಿಯಲ್ಲಿ ಅದು ಇರಲೇಬೇಕು. ಅಪ್ಪನ ಗಟ್ಟಿಯಲ್ಲಿ ಅದು ಇಲ್ಲವೆನ್ನುವಷ್ಟು ಸಣ್ಣದಿತ್ತು. ಉಳಿದದ್ದೆಲ್ಲ ಸುಣ್ಣದಕಲ್ಲು. ಅಪ್ಪ ನನ್ನ ಹಣೆಗೆ ಕೊಟ್ಟಿದ್ದು ವಿಭೂತಿ ಅಲ್ಲ.

ಆ ನಕ್ಷೆಯನ್ನು ಮಡಚಿ ಚೀಲದ ತಳದಲ್ಲಿಟ್ಟುಕೊಂಡು ಊರಿಗೆ ಹೊರಟೆ. ಸನ್ಮಾನದ ಹಿಂದಿನ ದಿನ ಶನಿವಾರ, ಮಧ್ಯಾಹ್ನದ ಊಟವಾದ ಮೇಲೆ ಅದೇ ಕಟ್ಟೆಯ ಮೇಲೆ ಅಪ್ಪನಿಗೆ ಹೇಳಿದೆ. ಹೊಸದು ಏನೂ ಸಿಕ್ಕಿಲ್ಲ, ಅದು ನನ್ನ ಹಣೆಯ ಈಬತ್ತಿ ಎಂದೆ. ಬೈಯುತ್ತಾನೆ, ಅಥವಾ ಜನರಿಗೆ ಹೇಗೆ ಮುಖ ತೋರಿಸಲಿ ಎನ್ನುತ್ತಾನೆ ಅಂದುಕೊಂಡಿದ್ದೆ. ಅಪ್ಪ ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ಒಂದೇ ಮಾತು ಕೇಳಿದ.

"ಈಬತ್ತಿಯೊಳಗ ಏನೇನ ಐತಿ ಅಂತ ಆ ಯಂತ್ರಕ್ಕ ಎಲ್ಲಾ ಕಾಣತೈತೇನು?"

ನಿಜ ಹೇಳಲೆಂದೇ ಅಷ್ಟು ದೂರ ಬಂದವಳು ನಾನು. ಅವನ ಮುಖ ನೋಡಿ, "ಎಲ್ಲಾ ಕಾಣೂದಿಲ್ಲಪ್ಪಾ, ಬಿಳೇ ಪುಡಿ ಅಂತ ಅಷ್ಟ ಕಾಣತೈತಿ" ಅಂದೆ. ಅಪ್ಪ ಹೂಂ ಅಂದು ಎದ್ದು ಹಿತ್ತಲಿಗೆ ಹೋದ. ಆ ಸುಳ್ಳು ಹೇಳಿದ್ದಕ್ಕೆ ನನಗೆ ಆಗ ನಾಚಿಕೆಯಾಗಲಿಲ್ಲ.

ಭಾನುವಾರ ಮುಂಜಾನೆ ಮಠದ ಅಂಗಳ ತುಂಬಿತ್ತು. ಮುರಗೋಡದಿಂದ ಬಂದವರಿದ್ದರು, ಸವದತ್ತಿ ಕಡೆಯ ಬೀಗರಿದ್ದರು. ಶಾಲು ಹೊದಿಸುವ ಮುಂಚೆಯೇ ನಾನು ಮೈಕು ಕೇಳಿ ತೆಗೆದುಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ. ನಕ್ಷತ್ರ ಹುಟ್ಟುವ ಮೋಡದಲ್ಲಿ ಹೊಸ ವಸ್ತು ಸಿಕ್ಕಿದೆ ಎಂದು ತಿಳಿದಿದ್ದೆ, ಅದು ನನ್ನ ತಪ್ಪು, ಅಲ್ಲಿ ಕಂಡದ್ದು ನನ್ನ ಹಣೆಯಿಂದ ಬಿದ್ದ ವಿಭೂತಿ, ಆದ್ದರಿಂದ ಈ ಸನ್ಮಾನ ನನಗೆ ಸಲ್ಲದು ಎಂದೆ.

ವೇದಿಕೆಯ ಮೇಲಿದ್ದ ಹಿರಿಯರೊಬ್ಬರು ಕಣ್ಣು ತುಂಬಿಕೊಂಡು ಎದ್ದರು. "ಕೇಳಿದ್ರೇನ್ರಿ! ದೊಡ್ಡ ದೊಡ್ಡ ಯಂತ್ರ ಹಚ್ಚಿ ಮುಗಲ ಹುಡುಕಿದ್ರ ಕಡೀಕ ಸಿಕ್ಕಿದ್ದ ಏನು? ನಮ್ಮೂರ ಈಬತ್ತಿ!" ಅಂಗಳವೆಲ್ಲ ಚಪ್ಪಾಳೆಯಾಯಿತು. ಹಾಗಲ್ಲ, ಹಾಗಲ್ಲ ಎಂದು ನಾನು ಕೈ ಆಡಿಸಿದೆ. ಮೈಕು ಆಗಲೇ ಅವರ ಕೈಯಲ್ಲಿತ್ತು. ಜನ ಎದ್ದು ಅಪ್ಪನ ಕಡೆ ನುಗ್ಗಿದರು. ಒಬ್ಬ ಅವನ ಕಾಲಿಗೆ ಬಿದ್ದ. ಮತ್ತೊಬ್ಬಳು ಕೂಸನ್ನು ಮುಂದೊಡ್ಡಿ, "ನಿಮ್ಮ ಕೈಯಾರೆ ಹಚ್ಚರಿ, ಮುಗಲದಾಗಿನ ಈಬತ್ತಿ" ಎಂದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ಸರಳವಾಗಿ ಹೇಳಿದ ನಿಜವನ್ನು ಇಷ್ಟು ಪ್ರೀತಿಯಿಂದ ಕೆಡಿಸಿದವರನ್ನು ನಾನು ನೋಡಿರಲಿಲ್ಲ.

ಅಪ್ಪ ಆ ಕೂಸಿನ ಹಣೆ ಮುಟ್ಟಲಿಲ್ಲ. ಜನರನ್ನು ಸರಿಸಿಕೊಂಡು ವೇದಿಕೆ ಹತ್ತಿದ. ಹೊಸ ಪಟಗ ತೆಗೆದು ಕುರ್ಚಿಯ ಮೇಲಿಟ್ಟ.

"ಕೂಡ್ರಿ. ಎಲ್ಲಾರೂ ಕೂಡ್ರಿ" ಎಂದ. "ನನ್ನ ಮಗಳು ನಿಮ್ಮ ಮುಂದ ಖರೇ ಹೇಳ್ಯಾಳ. ನಿನ್ನೆ ನನ್ನ ಮುಂದ ಮಾತ್ರ ಒಂದು ಸುಳ್ಳು ಹೇಳಿದ್ಲು, ಅಪ್ಪನ ಮಾರಿ ಉಳೀಲಿ ಅಂತ. ಆ ಯಂತ್ರಕ್ಕ ಎಲ್ಲಾ ಕಂಡೈತಿ. ನಾ ನಿಮಗ ಮೂರು ವರ್ಷದಿಂದ ಕೊಡಾಕ ಹತ್ತಿದ್ದು ಈಬತ್ತಿ ಅಲ್ಲ, ರಂಗೋಲಿ ಹಿಟ್ಟು. ಸಂತಿಯಿಂದ ತಂದು, ಸಣ್ಣ ಅರಿವ್ಯಾಗ ಸೋಸಿ, ಚೂರು ಬೂದಿ ಕೂಡಿಸಿ ಗಟ್ಟಿ ಕಟ್ಟೇನಿ."

ಹೊಸ್ತಿಲ ಮುಂದೆ ಹಾಕಿ ತುಳಿದಾಡುವ ಸುಣ್ಣದಕಲ್ಲಿನ ಹಿಟ್ಟು ಹಣೆಗೆ ಏರಿತ್ತು ಎನ್ನುವುದು ಎಲ್ಲರಿಗೂ ಒಟ್ಟಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಇದ್ದ ಖರೇದೆಲ್ಲಾ ನನ್ನ ಹೇಣ್ತಿ ಕುಣ್ಯಾಗ ಇಟ್ಟೆ. ಆ ವರ್ಷನ ಜವಾರಿ ಆಕಳ ಸತ್ತ ಹೋತು. ಟ್ರ್ಯಾಕ್ಟರ್ ಬಂದ ಮ್ಯಾಲೆ ಊರಾಗ ಆ ಜಾತಿ ದನಾನ ಉಳೀಲಿಲ್ಲ. ಇಲ್ಲ ಅಂತ ಹೇಳಬೇಕಿತ್ತು. ಆದರ ನೀವು ಮನ್ಯಾಗ ಹೆಣಾ ಇಟ್ಟು ಬಂದು ಬಾಗಲಾಗ ನಿಂತ್ರಿ. ಇಲ್ಲ ಅನ್ನಾಕ ನನಗ ನಾಲಿಗಿ ಹೊರಳಲಿಲ್ಲ."

ಹೆಂಗಸರ ಸಾಲಿನಿಂದ ನಮ್ಮ ಎದುರುಮನೆಯ ದೊಡ್ಡವ್ವ ಎದ್ದು ನಿಂತಳು. ಹಿಂದಿನ ವರ್ಷ ಗಂಡನನ್ನು ಕಳೆದುಕೊಂಡವಳು. ಅಪ್ಪನಿಗಿಂತ ಹತ್ತು ವರ್ಷ ಹಿರಿಯಳು, ಅವ್ವ ಸತ್ತಾಗ ತಿಂಗಳುಗಟ್ಟಲೆ ನಮ್ಮನೆಗೆ ರೊಟ್ಟಿ ಬಡಿದು ಕಳಿಸಿದವಳು.

"ನಮ್ಮನಿಯವರ ಕುಣ್ಯಾಗ ಇಟ್ಟಿದ್ದೂ ಅದನ?"

"ಅದನ, ಯಕ್ಕಾ."

ದೊಡ್ಡವ್ವ ಸೆರಗು ಹೊದ್ದುಕೊಂಡು ಹೊರಟುಹೋದಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ಬೈದಿದ್ದರೆ ಅಪ್ಪನಿಗೆ ಹಗುರಾಗುತ್ತಿತ್ತೇನೋ, ಯಾರೂ ಬೈಯಲಿಲ್ಲ. ನನಗೆ ತಂದಿದ್ದ ಶಾಲು ಮಡಿಕೆ ಬಿಚ್ಚದೆ ತಾಟಿನಲ್ಲೇ ಉಳಿಯಿತು.

ಮೂರು ದಿನ ನಮ್ಮ ಕಟ್ಟೆಗೆ ಯಾರೂ ಬರಲಿಲ್ಲ. ಎದುರುಮನೆಗೆ ಬೀಗ ಬಿದ್ದಿತ್ತು. ಅಪ್ಪ ಹೊಲಕ್ಕೆ ಹೋಗಿ ಬರುತ್ತಿದ್ದ, ಉಣ್ಣುತ್ತಿದ್ದ, ಸ್ನಾನದ ಮೇಲೆ ಹಣೆಗೆ ಏನೂ ಹಚ್ಚಿಕೊಳ್ಳದೆ ಲಿಂಗಪೂಜೆಗೆ ಕೂಡುತ್ತಿದ್ದ. ಆ ಬೋಳು ಹಣೆ ನನಗೆ ನೋಡಲಾಗಲಿಲ್ಲ. ಯಂತ್ರಕ್ಕೆ ಗಟ್ಟಿಯ ಪುಡಿ ಕೊಟ್ಟ ನನ್ನ ಕೈಯನ್ನೇ ಶಪಿಸಿಕೊಂಡೆ. ರಜೆ ಮುಂದುವರಿಸಿದೆ.

ನಾಲ್ಕನೆಯ ದಿನ ಮುಂಜಾನೆ ದೊಡ್ಡವ್ವ ಬಾಗಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಮುತ್ತಲದ ಎಲೆ ಮುಚ್ಚಿದ ಬುಟ್ಟಿ. ಒಳಗೆ ಬಾ ಎಂದರೂ ಬರಲಿಲ್ಲ.

"ಉಗರಗೋಳದಾಗ ನನ್ನ ತಂಗಿ ಮನ್ಯಾಗ ಜವಾರಿ ಆಕಳ ಐತಿ" ಎಂದಳು. "ಎರಡ ದಿನಾ ಅದರ ಹಿಂದ ನಿಂತು, ನೆಲಕ್ಕ ಬೀಳೂಕಿನ ಮೊದಲ ಕೈಯಾಗ ಹಿಡದೇನಿ. ಸುಡ್ರಿ. ನಮ್ಮನಿಯವರಿಗೆ ಇನ್ನೊಮ್ಮೆ ಕೊಡೂಣು."

ಅವಳ ಮುಖದಲ್ಲಿ ಕ್ಷಮೆಯಂಥದ್ದು ಏನೂ ಇರಲಿಲ್ಲ. ಎಂಬತ್ತರ ಹತ್ತಿರದ ಹೆಂಗಸು, ಎರಡು ದಿನ ಆಕಳ ಹಿಂದೆ ನಿಂತು ಬಂದಿದ್ದಳು, ಅಷ್ಟೇ. ಅಪ್ಪ ಎರಡೂ ಕೈಯಿಂದ ಬುಟ್ಟಿ ಇಸಿದುಕೊಂಡ.

ವಿಭೂತಿ ಅವಸರದ ಕೆಲಸವಲ್ಲ. ನಾನು ಪ್ರಯೋಗಾಲಯಕ್ಕೆ ಮರಳಿದೆ. ಹಣೆ ತೊಳೆದುಕೊಂಡು ಹೋಗಿ ಪಾತ್ರೆಯನ್ನು ಮೊದಲಿನಿಂದ ಶುಚಿ ಮಾಡಿ, ಮಂಜು ಕೂಡ್ರಿಸಿ, ಆ ಕೆಲಸವನ್ನೆಲ್ಲ ಮತ್ತೆ ಹಿಡಿದೆ. ಊರಿನಿಂದ ಫೋನು ಬಂದಾಗ ಅಪ್ಪ ಉಂಡೆ ಒಣಗಿದವು, ಸುಟ್ಟೆ, ಸೋಸಿದೆ ಎಂದಷ್ಟೇ ಹೇಳುತ್ತಿದ್ದ. ಹೊಸಾದ ಏನರ ಸಿಕ್ತೇನು ಎಂದು ಕೇಳುವುದನ್ನು ಬಿಟ್ಟಿದ್ದ.

ಒಂದು ದಿನ ಅಂಚೆಯಲ್ಲಿ ಪುಟ್ಟ ಪೊಟ್ಟಣ ಬಂತು. ಒಳಗೆ ಅರಿವೆ, ಅರಿವೆಯೊಳಗೆ ಕಡಲೆಬೇಳೆಯಷ್ಟು ಒಂದು ಚೂರು. ಸಂಜೆ ಅಪ್ಪ ಫೋನು ಮಾಡಿದ. "ಅದನ್ನ ನಿನ್ನ ಯಂತ್ರದಾಗ ಇಟ್ಟ ನೋಡು" ಎಂದ. ಧ್ವನಿ ಪರೀಕ್ಷೆಗೆ ಕೂತವನ ಹಾಗಿತ್ತು.

ಮರುದಿನ ಮೊದಲ ಕೆಲಸವಾಗಿ ಅದನ್ನೇ ಮಾಡಿದೆ. ನಕ್ಷೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತ ಬಂತು. ಮರಳಿನ ಜಾಗ ಬಂದಾಗ ಗೆರೆ ಜಾರಿತು. ಅಗಲವಾಗಿ, ಆಳವಾಗಿ, ಕಪ್ಪು ಮೋಡಗಳಲ್ಲಿ ನಾವು ಮೊದಲು ಹುಡುಕುವ ಅದೇ ತಗ್ಗು. ಉಗರಗೋಳದ ಮಣ್ಣಿನಿಂದ ಹುಲ್ಲು ಹೀರಿದ್ದು ಆಕಳ ಹೊಟ್ಟೆ ದಾಟಿ, ಬೆಂಕಿ ದಾಟಿ, ಹಾಗೇ ಉಳಿದಿತ್ತು. ನಾನು ಅಲ್ಲೇ ಕೂತು ಅತ್ತೆ.

ಫೋನು ಹಚ್ಚಿದೆ. ಒಂದೇ ರಿಂಗಿಗೆ ಅಪ್ಪ ಎತ್ತಿಕೊಂಡ.

"ಬಂತೇನು?"

"ಬಂತಪ್ಪಾ. ಖರೇ ಈಬತ್ತಿ."

ದೊಡ್ಡವ್ವನಿಗೆ ಯಾವಾಗ ಕೊಟ್ಟೆ ಎಂದು ಕೇಳಿದೆ.

"ಇನ್ನಾ ಕೊಟ್ಟಿಲ್ಲ. ಗಟ್ಟಿ ಒಣಗಿ ಹನ್ನೆರಡ ದಿನಾ ಆತು. ಬರೇ ನನ್ನ ಮಾತಿನ ಮ್ಯಾಲೆ ಹೆಂಗ ಕೊಡಲಿ?"

ಫೋನು ಇಡುವುದನ್ನು ಮರೆತು ಕೈಯಲ್ಲಿ ಹಿಡಿದೇ ಹೊರಟಿರಬೇಕು. ಅವನ ಚಪ್ಪಲಿಯ ಸಪ್ಪಳ ಅಂಗಳ ದಾಟಿ ಓಣಿಗಿಳಿದದ್ದು ನನಗೆ ಕೇಳಿಸಿತು. ಎದುರುಮನೆಯ ಚಿಲಕ ಬಡಿದ ಸದ್ದು. ಬಾಗಿಲು ತೆರೆಯಿತು.

"ಈಗರ ಖರೇದ ಐತೇನು?" ದೊಡ್ಡವ್ವನ ಧ್ವನಿ.

"ಐತಿ, ಯಕ್ಕಾ. ನಾ ಹೇಳೂದಲ್ಲ. ಮಗಳು ನೋಡಿ ಹೇಳ್ಯಾಳ."

ದೊಡ್ಡವ್ವ, "ತಡೀರಿ, ಚಪ್ಪಲಿ ಮೆಟಗೊಂಡ ಬರತೇನಿ" ಎಂದಳು. ಎರಡು ಜೋಡಿ ಚಪ್ಪಲಿಯ ಸಪ್ಪಳ ಅವಳ ಗಂಡನ ಕುಣಿಯ ಕಡೆ ನಡೆಯಿತು.